ಕಡಲಿಗೂ ವಿರಾಮ ಬೇಕು, ದೋಣಿಯವರ ಮನೆಯ ಒಲೆಯೂ ಉರಿಯಬೇಕು



ಜೂನ್ ಬಂತೆಂದರೆ ನಮ್ಮ ಕಾಸರಗೋಡಿನ ಕರಾವಳಿಗೆ ಎರಡು ಸಂಗತಿಗಳು ಜೊತೆಯಾಗಿ ಬರುತ್ತವೆ. ಒಂದು ಮಳೆ, ಇನ್ನೊಂದು ಟ್ರಾಲಿಂಗ್ ನಿಷೇಧ. ಮಳೆ ಬಂದಾಗ ಶಾಲೆಗೆ ರಜೆ ಇದೆಯೋ ಇಲ್ಲವೋ ಎಂಬ ಚರ್ಚೆ ಹೇಗೆ ಪ್ರತಿವರ್ಷ ನಡೆಯುತ್ತದೋ, ಹಾಗೆಯೇ ಮೀನಿನ ಬಗ್ಗೆಯೂ ಒಂದು ಚರ್ಚೆ ಪ್ರತಿವರ್ಷ ನಡೆಯುತ್ತದೆ. ಒಂದು ಕಡೆಯವರು, "ಹೀಗೆ ಬಳಿದು ಹಿಡಿದರೆ ನಾಳೆ ಕಡಲಲ್ಲಿ ಮೀನೇ ಇರುವುದಿಲ್ಲ" ಎನ್ನುತ್ತಾರೆ. ಇನ್ನೊಂದು ಕಡೆಯವರು, "ಮೀನು ಉಳಿಸಲು ಹೋಗಿ ಮೀನುಗಾರನನ್ನೇ ಮುಳುಗಿಸುತ್ತೀರಿ" ಎನ್ನುತ್ತಾರೆ. ವಾಟ್ಸ್ಯಾಪ್ ಗ್ರೂಪುಗಳಲ್ಲಿ ನಾಲ್ಕು ದಿನ ಬಿಸಿ ಇರುತ್ತದೆ. ಆಗಸ್ಟ್ ಒಂದಕ್ಕೆ ದೋಣಿಗಳು ಕಡಲಿಗಿಳಿದಾಗ ಎಲ್ಲರೂ ಮರೆಯುತ್ತೇವೆ.

ಈ ಸಲ ನಾವು, ಯುವಜನರು, ಮರೆಯುವ ಮುಂಚೆ ಒಂದು ಮಾತು ಹೇಳಿಬಿಡೋಣ ಎಂದುಕೊಂಡಿದ್ದೇವೆ. ನಮ್ಮ ಅಭಿಪ್ರಾಯ ಇಷ್ಟು: ಕಡಲಿಗೆ ವಿರಾಮ ಬೇಕೇ ಬೇಕು, ಅದರಲ್ಲಿ ರಾಜಿ ಬೇಡ. ಆದರೆ ಆ ವಿರಾಮದ ಬೆಲೆಯನ್ನು ದೋಣಿಯಲ್ಲಿ ದುಡಿಯುವವನೊಬ್ಬನೇ ಕೊಡುವುದು ಅನ್ಯಾಯ. ಮೀನು ತಿನ್ನುವ ನಾವೆಲ್ಲರೂ ಅದರಲ್ಲಿ ಪಾಲು ಹೊರಬೇಕು.

ನಮಗೇಕೆ ಈ ಮಾತು ಎಂದು ಕೆಲವರು ಕೇಳಬಹುದು. ನಿಜ, ಗಡಿನಾಡಿನ ನಮ್ಮ ಧರ್ಮಕೇಂದ್ರಗಳಲ್ಲಿ ಹೆಚ್ಚಿನ ಮನೆಗಳು ಅಡಿಕೆ, ತೆಂಗು, ಮೇಸ್ತ್ರಿ ಕೆಲಸ, ಶಿಕ್ಷಕ ವೃತ್ತಿ, ಗಲ್ಫ್ ಉದ್ಯೋಗ ಇವುಗಳಿಂದ ನಡೆಯುವಂಥವು. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಕಡಲಿಗೆ ಹೋಗುವವರು ಹೆಚ್ಚಾಗಿ ಮೊಗವೀರರು, ಮುಕ್ಕುವರು, ಮುಸ್ಲಿಂ ಸಹೋದರರು. ಆದರೆ ನಮ್ಮ ಊಟದ ತಟ್ಟೆ ನೋಡಿ. ವಾರದಲ್ಲಿ ಐದು ದಿನ ಮೀನು. ಶುಕ್ರವಾರ ಮಾಂಸ ಬಿಡುವವರಿಗೆ ಅಂದು ತಪ್ಪದೆ ಮೀನು. ತಪಸ್ಸುಕಾಲ ಬಂದರಂತೂ ಕೇಳುವುದೇ ಬೇಡ. ನಮ್ಮ ಉಪವಾಸದ ದಿನಗಳು ಕೂಡ ಕಡಲಿನ ಮೇಲೆಯೇ ನಿಂತಿವೆ. ಹಾಗಿರುವಾಗ ಕಡಲಿನ ಆರೋಗ್ಯವಾಗಲಿ, ಕಡಲಿಗೆ ಹೋಗುವವರ ಬದುಕಾಗಲಿ ನಮಗೆ ಸಂಬಂಧಪಡದ ವಿಷಯ ಎನ್ನುವುದು ಹೇಗೆ?

ಬೂತಾಯಿ ಹೇಳುವ ಪಾಠ

ತುಳುವಿನಲ್ಲಿ ಬೂತಾಯಿ, ಕೊಂಕಣಿಯಲ್ಲಿ ತಾರ್ಲೆ, ಮಲಯಾಳದಲ್ಲಿ ಮತ್ತಿ. ಹೆಸರು ಮೂರಾದರೂ ಬಡವರ ಮನೆಯ ಮೀನು ಅದೊಂದೇ. ಈ ಒಂದು ಮೀನಿನ ಕತೆ ಗೊತ್ತಾದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ.

2012ರಲ್ಲಿ ಕೇರಳದ ಬಂದರುಗಳಿಗೆ ಬಂದ ಮತ್ತಿ ಸುಮಾರು 4 ಲಕ್ಷ ಟನ್. 2021ರಲ್ಲಿ ಬಂದದ್ದು ಕೇವಲ 3,297 ಟನ್. ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟ ಲೆಕ್ಕ ಇದು. ಹತ್ತು ವರ್ಷದೊಳಗೆ ನೂರರಲ್ಲಿ ಒಂದು ಪಾಲೂ ಉಳಿಯಲಿಲ್ಲ. ಆಮೇಲೆ ಮೀನು ಮರಳಿತು. 2023ರಲ್ಲಿ 1.38 ಲಕ್ಷ ಟನ್ ಸಿಕ್ಕಿತು. ಮರುವರ್ಷ ಬೆಲೆಯಲ್ಲೂ ವಿಚಿತ್ರ ನಡೆಯಿತು. 2024ರ ಜೂನ್‌ನಲ್ಲಿ ಕಿಲೋಗೆ 300 ರೂಪಾಯಿ ದಾಟಿದ ಮತ್ತಿ, ವರ್ಷದ ಕೊನೆಗೆ ಸಣ್ಣ ಗಾತ್ರದಲ್ಲಿ ರಾಶಿ ರಾಶಿ ಬಂದು ಕೇಳುವವರಿಲ್ಲದಂತಾಯಿತು. ಅಂದರೆ ಒಂದು ವರ್ಷ ಮೀನಿಲ್ಲದೆ ಮೀನುಗಾರ ಸೋತ, ಮತ್ತೊಂದು ವರ್ಷ ಮೀನಿದ್ದೂ ಸೋತ.

ಬೂತಾಯಿಯ ಆಯುಷ್ಯ ಹೆಚ್ಚೆಂದರೆ ಎರಡೂವರೆ ವರ್ಷ. ಒಂದು ವರ್ಷ ತುಂಬುವ ಹೊತ್ತಿಗೆ, 14-15 ಸೆಂಟಿಮೀಟರ್ ಉದ್ದವಾದಾಗ, ಅದು ಮೊಟ್ಟೆಯಿಡಲು ಸಿದ್ಧವಾಗುತ್ತದೆ. ಮೊಟ್ಟೆಯಿಡುವ ಮುಖ್ಯ ಕಾಲ ಮಳೆಗಾಲ. ನೈಋತ್ಯ ಮಾರುತದ ಗಾಳಿಗೆ ಕಡಲಿನ ಆಳದ ತಣ್ಣನೆಯ, ಸಾರವುಳ್ಳ ನೀರು ಮೇಲಕ್ಕೆ ಏಳುತ್ತದೆ. ಆ ನೀರಿನಲ್ಲಿ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಅವೇ ಬೂತಾಯಿ ಮರಿಗಳ ಆಹಾರ. ನಮ್ಮ ಗದ್ದೆಯಲ್ಲಿ ನೇಜಿ ನೆಡುವ ಹೊತ್ತಿಗೆ ಕಡಲಿನಲ್ಲೂ ಬಿತ್ತನೆ ನಡೆದಿರುತ್ತದೆ. ಮಳೆಗಾಲದಲ್ಲಿ ಬಲೆ ನಿಲ್ಲಿಸಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ. ನೇಜಿ ನೆಟ್ಟ ಗದ್ದೆಗೆ ದನ ಬಿಡುವವರು ಯಾರಿದ್ದಾರೆ?

ಇದು ಹೊಸ ಪಾಠವೂ ಅಲ್ಲ. ನಮ್ಮ ಊರು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲೇ, 1940ರ ದಶಕದ ಆರಂಭದಲ್ಲಿ, ಬೂತಾಯಿ ಹೀಗೆಯೇ ಮಾಯವಾಗಿತ್ತು. ಆಗಿನ ಸರ್ಕಾರ 1943ರಲ್ಲಿ ಮರಿ ಬೂತಾಯಿ ಹಿಡಿಯುವುದರ ಮೇಲೆ ನಿರ್ಬಂಧ ಹೇರಿತು. ಜಾರಿಗೆ ತರುವುದು ಕಷ್ಟವಾಗಿ ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟಿತು. ಎಂಬತ್ತು ವರ್ಷ ಕಳೆದರೂ ನಾವು ಅದೇ ಪ್ರಶ್ನೆಯ ಮುಂದೆ ನಿಂತಿದ್ದೇವೆ. ನಿಯಮ ಬರೆಯುವುದು ಸುಲಭ, ಅದನ್ನು ಹಸಿದವರು ಪಾಲಿಸುವಂತೆ ಮಾಡುವುದು ಹೇಗೆ?

ವಿರಾಮ ಕೇಳಿದವರು ಯಾರು?

ಮಳೆಗಾಲದ ನಿಷೇಧ ಎಂದರೆ ಎಲ್ಲೋ ಎಸಿ ಕೋಣೆಯಲ್ಲಿ ಕುಳಿತ ಅಧಿಕಾರಿಗಳು ಬಡ ಮೀನುಗಾರನ ಮೇಲೆ ಹೇರಿದ್ದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಇತಿಹಾಸ ಬೇರೆಯೇ ಇದೆ. ಕೇರಳದಲ್ಲಿ ಈ ನಿಷೇಧವನ್ನು ಕೇಳಿ ಬೀದಿಗಿಳಿದವರು ಸಾಂಪ್ರದಾಯಿಕ ಮೀನುಗಾರರೇ. 1970ರ ದಶಕದಲ್ಲಿ ಟ್ರಾಲರ್‌ಗಳು ಹೆಚ್ಚಾಗಿ, ಸಿಗಡಿಯ ಆಸೆಗೆ ಕಡಲ ತಳವನ್ನೇ ಗುಡಿಸಲು ಶುರುಮಾಡಿದಾಗ, ಹುಟ್ಟು ಹಾಕುವ ದೋಣಿಗಳಿಗೆ ಮೀನು ಇಲ್ಲದಾಯಿತು. ಕಡಲಿನಲ್ಲಿ ಜಗಳ, ಬಲೆ ಕತ್ತರಿಸುವುದು, ದೋಣಿಗೆ ಬೆಂಕಿ ಹಚ್ಚುವುದು ಎಲ್ಲವೂ ನಡೆಯಿತು. 1980ರಲ್ಲಿ ಕೇರಳ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂತು. ಆದರೆ ಮಳೆಗಾಲದ ನಿಷೇಧಕ್ಕಾಗಿ ಇನ್ನೂ ಎಂಟು ವರ್ಷ ಹೋರಾಡಬೇಕಾಯಿತು.

ಆ ಹೋರಾಟದಲ್ಲಿ ನಮ್ಮ ಧರ್ಮಸಭೆಯವರೂ ಇದ್ದರು ಎಂಬುದು ನಮ್ಮ ಯುವಜನರಿಗೆ ತಿಳಿದಿರಬೇಕು. ರಿಡೆಂಪ್ಟರಿಸ್ಟ್ ಸಭೆಯ ಫಾದರ್ ಥಾಮಸ್ ಕೋಚೇರಿ ಮೀನುಗಾರರ ಸಂಘಟನೆ ಕಟ್ಟಿದರು, ಉಪವಾಸ ಕೂತರು, ಮುಂದೆ ರಾಷ್ಟ್ರೀಯ ಮೀನುಗಾರರ ವೇದಿಕೆಯನ್ನು ಮುನ್ನಡೆಸಿದರು. 2014ರಲ್ಲಿ ತೀರಿಕೊಳ್ಳುವವರೆಗೂ ಅವರು ಕಡಲತೀರದ ಜನರ ಜೊತೆಗಿದ್ದರು. 1984ರಲ್ಲಿ ಧರ್ಮಭಗಿನಿ ಫಿಲೋಮಿನ್ ಮೇರಿ ಕೋಳಿಕ್ಕೋಡಿನಲ್ಲಿ ಉಪವಾಸ ಸತ್ಯಾಗ್ರಹ ಮಾಡಿದರು. ಒಂದರ ಹಿಂದೆ ಒಂದು ಸಮಿತಿ ಕುಳಿತಿತು. ಕೊನೆಗೆ 1988ರಲ್ಲಿ ಕೇರಳದಲ್ಲಿ ಮೊದಲ ಬಾರಿಗೆ ಮಳೆಗಾಲದ ಟ್ರಾಲಿಂಗ್ ನಿಷೇಧ ಜಾರಿಗೆ ಬಂತು.

ಇದರಿಂದ ಒಂದು ವಿಷಯ ಸ್ಪಷ್ಟ. ಮೀನಿನ ರಕ್ಷಣೆ, ಮೀನುಗಾರನ ಹೊಟ್ಟೆಪಾಡು ಇವೆರಡೂ ಹುಟ್ಟಿನಿಂದಲೇ ಶತ್ರುಗಳಲ್ಲ. ಕಡಲನ್ನು ಉಳಿಸಿ ಎಂದು ಮೊದಲು ಕೂಗಿದವನೇ ಹೊಟ್ಟೆಪಾಡಿಗೆ ಕಡಲನ್ನು ನಂಬಿದವನು.

ದೋಣಿಯವರ ಮಾತಿನಲ್ಲೂ ನಿಜವಿದೆ

ಹಾಗಿದ್ದರೆ ಇಂದು ಅನೇಕ ಮೀನುಗಾರರು ನಿಯಮಗಳೆಂದರೆ ಸಿಡಿಮಿಡಿಗೊಳ್ಳುವುದೇಕೆ? ಅವರ ಮಾತನ್ನು ಕೇಳದೆ ತೀರ್ಪು ಕೊಡುವುದು ಸರಿಯಲ್ಲ.

ಅವರ ಮೊದಲ ಮಾತು: "ಮೀನು ಕಡಿಮೆಯಾದದ್ದು ನಮ್ಮ ಬಲೆಯಿಂದ ಮಾತ್ರವಲ್ಲ, ಕಡಲು ಬಿಸಿಯಾಗಿದೆ." ಇದು ನಿಜ. 2015-16ರ ಎಲ್ ನಿನೋ ಬೂತಾಯಿಗೆ ದೊಡ್ಡ ಪೆಟ್ಟು ಕೊಟ್ಟಿತು. 2021ರ ಕುಸಿತಕ್ಕೂ ಕಡಲಿನ ವಾತಾವರಣದ ಬದಲಾವಣೆಯನ್ನೇ ವಿಜ್ಞಾನಿಗಳು ಮುಖ್ಯ ಕಾರಣವಾಗಿ ಹೇಳಿದರು. ಕಾರ್ಖಾನೆಗಳ, ವಾಹನಗಳ ಹೊಗೆಯಿಂದ ಬಿಸಿಯಾದ ಕಡಲಿನ ದಂಡವನ್ನು ಕಾಸರಗೋಡಿನ ಒಂದು ಫೈಬರ್ ದೋಣಿಯವನು ಕಟ್ಟಬೇಕೆಂದರೆ ಅವನಿಗೆ ಕೋಪ ಬರದೆ ಇರುತ್ತದೆಯೇ? ಆದರೆ ಇದೇ ಕಾರಣಕ್ಕೆ ಎಚ್ಚರ ಹೆಚ್ಚಬೇಕು ಎಂಬುದು ನಮ್ಮ ಭಾವನೆ. ಬರ ಬಂದ ವರ್ಷ ಬೀಜದ ಭತ್ತವನ್ನು ಕುಟ್ಟಿ ತಿಂದರೆ ಮುಂದಿನ ಮಳೆ ಬಂದಾಗ ಬಿತ್ತಲು ಏನೂ ಇರುವುದಿಲ್ಲ. ಕಡಲು ಕೊಡದ ವರ್ಷವೇ ಉಳಿದ ನಾಲ್ಕು ತಾಯಿಮೀನು ಅಮೂಲ್ಯ.

ಎರಡನೆಯ ಮಾತು: "ಸಣ್ಣವರಿಗೆ ನಿಯಮ, ದೊಡ್ಡವರಿಗೆ ದಾರಿ." ಇದರಲ್ಲೂ ಹುರುಳಿದೆ. ಕಣ್ಣು ಕುಕ್ಕುವ ಎಲ್‌ಇಡಿ ದೀಪ ಹಾಕಿ ಮೀನು ಸೆಳೆದು ಹಿಡಿಯುವುದನ್ನು, ಎರಡು ದೋಣಿಗಳ ನಡುವೆ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನು 2017ರಲ್ಲಿ ಕೇಂದ್ರ ಸರ್ಕಾರವೇ ನಿಷೇಧಿಸಿದೆ. ಆದರೂ ಅವು ಪೂರ್ತಿ ನಿಂತಿಲ್ಲ. ಗಡಿ ದಾಟಿ ಬಂದ ದೊಡ್ಡ ದೋಣಿಗಳನ್ನು ಹಿಡಿದು ದಂಡ ಹಾಕಿದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ರಾತ್ರಿ ಕಡಲಲ್ಲಿ ಊರೇ ಬಂದಂತೆ ಬೆಳಕು ಕಾಣುವಾಗ, ದಡದಲ್ಲಿ ಸಣ್ಣ ದೋಣಿಯವನ ಬುಟ್ಟಿಯನ್ನು ಅಳೆದು ನೋಡಿದರೆ ಯಾರಿಗೆ ಕಾನೂನಿನ ಮೇಲೆ ಗೌರವ ಉಳಿಯುತ್ತದೆ?

ಮೂರನೆಯ ಮಾತೇ ಎಲ್ಲಕ್ಕಿಂತ ಭಾರದ್ದು: "ಆ ಎರಡು ತಿಂಗಳು ನಾವು ಏನು ತಿನ್ನಬೇಕು?" ದೋಣಿಯಲ್ಲಿ ದುಡಿಯುವವರಿಗೆ ತಿಂಗಳ ಸಂಬಳವಿಲ್ಲ. ಡೀಸೆಲ್, ಮಂಜುಗಡ್ಡೆ, ಬಲೆಯ ಖರ್ಚು ಕಳೆದು ಉಳಿದದ್ದರಲ್ಲಿ ಪಾಲು. ದೋಣಿ ನಿಂತರೆ ಪಾಲೂ ನಿಂತಿತು. ಈ ಕಾಲಕ್ಕಾಗಿಯೇ ಸರ್ಕಾರದ ಉಳಿತಾಯ-ಪರಿಹಾರ ಯೋಜನೆಯೊಂದಿದೆ. ಮೀನುಗಾರ 1,500 ರೂಪಾಯಿ ಕಟ್ಟಬೇಕು, ರಾಜ್ಯ 1,500, ಕೇಂದ್ರ 1,500 ಸೇರಿಸುತ್ತದೆ. ಒಟ್ಟು 4,500 ರೂಪಾಯಿ, ಮೂರು ಕಂತುಗಳಲ್ಲಿ. ಇದರಲ್ಲಿ ಮೂರನೇ ಒಂದು ಭಾಗ ಅವನದೇ ದುಡ್ಡು. ಸರ್ಕಾರ ನಿಜವಾಗಿ ಕೊಡುವ 3,000 ರೂಪಾಯಿಯನ್ನು ನಿಷೇಧದ 52 ದಿನಗಳಿಗೆ ಹಂಚಿದರೆ ದಿನಕ್ಕೆ 58 ರೂಪಾಯಿಯೂ ಆಗುವುದಿಲ್ಲ. ಇದೇ ಕೇರಳದಲ್ಲಿ 2024-25ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ 346 ರೂಪಾಯಿ ಇತ್ತು. ಕಾಡು ಕಡಿಯುವ ಕೆಲಸಕ್ಕೆ 346, ಕಡಲು ಕಾಯುವ ಕೆಲಸಕ್ಕೆ 58!

ಹೌದು, ನಾವು ಅದನ್ನು ಕೆಲಸ ಎಂದೇ ಕರೆಯುತ್ತೇವೆ. ದೋಣಿಯನ್ನು ದಡಕ್ಕೆ ಎಳೆದಿಟ್ಟು ಮೀನು ಮೊಟ್ಟೆಯಿಡಲು ಬಿಡುವವನು ನಮ್ಮೆಲ್ಲರ ಮುಂದಿನ ವರ್ಷದ ಊಟವನ್ನು ಕಾಯುತ್ತಿದ್ದಾನೆ. ಕಾವಲಿಗೆ ಕೂಲಿ ಬೇಡವೇ?

ಇನ್ನು ಈ ಪಟ್ಟಿಯಲ್ಲಿ ಹೆಸರೇ ಇಲ್ಲದವರನ್ನು ನೆನೆಯೋಣ. ದೋಣಿಯಲ್ಲಿ ದುಡಿಯಲು ದೂರದ ರಾಜ್ಯಗಳಿಂದ ಬಂದ ಹುಡುಗರು. ತಲೆಯ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ತರುವ ಹೆಂಗಸರು. ಮೀನು ಒಣಗಿಸುವವರು, ಮಂಜುಗಡ್ಡೆ ಒಡೆಯುವವರು, ಬಲೆ ಹೆಣೆಯುವ ಮುದುಕರು. ಇವರಲ್ಲಿ ಹೆಚ್ಚಿನವರು ಪರಿಹಾರದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ದೋಣಿ ನಿಂತರೆ ಅವರ ಒಲೆಯೂ ಆರುತ್ತದೆ.

ಒಂದು ಕಡಲು, ಎರಡು ಕ್ಯಾಲೆಂಡರ್

ಗಡಿನಾಡಿನವರಾದ ನಮಗೆ ಇನ್ನೊಂದು ವಿಚಿತ್ರ ದಿನನಿತ್ಯ ಕಾಣುತ್ತದೆ. ತಲಪಾಡಿಯ ಆಚೆ ಕರ್ನಾಟಕದಲ್ಲಿ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಈಚೆ ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನ. ಹನ್ನೆರಡು ನಾಟಿಕಲ್ ಮೈಲಿಯ ಆಚೆ, ಕೇಂದ್ರದ ಅಧಿಕಾರವಿರುವ ಕಡಲಿನಲ್ಲಿ, ಮತ್ತೆ 61 ದಿನ. ತಲಪಾಡಿಯ ಟೋಲ್‌ಗೇಟಿನಲ್ಲಿ ಬಸ್ಸು ನಿಲ್ಲುತ್ತದೆ, ಬೂತಾಯಿ ನಿಲ್ಲುವುದಿಲ್ಲ. ಉಳ್ಳಾಲದಲ್ಲಿ ಮೊಟ್ಟೆಯಿಟ್ಟ ಮೀನಿನ ಮರಿ ಕುಂಬಳೆಯಲ್ಲಿ ಬೆಳೆಯಬಹುದು, ಬೇಕಲದಲ್ಲಿ ಬಲೆಗೆ ಬೀಳಬಹುದು. ಒಂದೇ ಮಂದೆಗೆ ಎರಡು ಕಾನೂನು ಇದ್ದರೆ, ಅವರು ಬಿಟ್ಟ ಮೀನನ್ನು ಇವರು ಹಿಡಿದರು ಎಂಬ ದೂರು ಎಂದಿಗೂ ಮುಗಿಯುವುದಿಲ್ಲ.

ನಿಷೇಧ ಯಾರಿಗೆ ಎಂಬುದರಲ್ಲೂ ಗೊಂದಲವಿದೆ. ಕೇರಳದಲ್ಲಿ ನಿಷೇಧ ಮುಖ್ಯವಾಗಿ ಟ್ರಾಲರ್‌ನಂಥ ಯಾಂತ್ರಿಕ ದೋಣಿಗಳಿಗೆ. ಸಾಂಪ್ರದಾಯಿಕ ವಲಯಕ್ಕೆ ವಿನಾಯಿತಿ. ಮಳೆಗಾಲದಲ್ಲಿ ಸಣ್ಣ ದೋಣಿಯವನು ನಾಲ್ಕು ಕಾಸು ನೋಡಲಿ ಎಂಬ ಆ ವಿನಾಯಿತಿ ನ್ಯಾಯವಾದದ್ದು. ಆದರೆ ಇಂದು ಸಾಂಪ್ರದಾಯಿಕ ಎಂಬ ಒಂದೇ ಹೆಸರಿನಡಿ ಇಬ್ಬರು ಮೂವರು ಕೂರುವ ದೋಣಿಯೂ ಇದೆ, ಮೂವತ್ತು ನಲವತ್ತು ಜನ ಹತ್ತಿ, ದೊಡ್ಡ ಎಂಜಿನ್‌ಗಳನ್ನು ಕಟ್ಟಿ, ಇಡೀ ಮಂದೆಯನ್ನೇ ಸುತ್ತುವರಿಯುವ ಬೃಹತ್ ರಿಂಗ್‌ಸೀನ್ ದೋಣಿಯೂ ಇದೆ. ಮೊಟ್ಟೆಯಿಡಲು ದಡದ ಬಳಿ ಬಂದ ಬೂತಾಯಿಗೆ ಟ್ರಾಲರ್‌ಗಿಂತ ಈ ಬಲೆಯೇ ಹತ್ತಿರದ್ದು. ಇಬ್ಬರಿಗೂ ಒಂದೇ ವಿನಾಯಿತಿ ಎನ್ನುವುದು ಸಣ್ಣವನ ಹೆಸರಿನಲ್ಲಿ ದೊಡ್ಡವನಿಗೆ ಕೊಡುವ ಲಾಭ.

ಮರಿಮೀನಿನ ಲೆಕ್ಕ

ಕೇರಳದಲ್ಲಿ ಮೀನುಗಳಿಗೆ ಕಾನೂನುಬದ್ಧ ಕನಿಷ್ಠ ಗಾತ್ರವನ್ನು ನಿಗದಿ ಮಾಡಿದ್ದಾರೆ. 2015ರಲ್ಲಿ 14 ಜಾತಿಗಳಿಗೆ ಶುರುವಾದ ಈ ನಿಯಮ ಈಗ 58 ಜಾತಿಗಳಿಗೆ ಇದೆ. ಬೂತಾಯಿ 10 ಸೆಂಟಿಮೀಟರ್‌ಗಿಂತ, ಬಂಗುಡೆ 14 ಸೆಂಟಿಮೀಟರ್‌ಗಿಂತ ಚಿಕ್ಕದಿದ್ದರೆ ಹಿಡಿಯುವಂತಿಲ್ಲ. ಇದು ಕೇವಲ ಮೀನಿನ ಮೇಲಿನ ಕರುಣೆಯ ಮಾತಲ್ಲ, ಸರಳ ಗಣಿತ.

ಹತ್ತು ಸೆಂಟಿಮೀಟರ್‌ನ ಒಂದು ಬೂತಾಯಿ ಸುಮಾರು 10 ಗ್ರಾಂ ತೂಗುತ್ತದೆ. ಕಿಲೋಗೆ ನೂರು ಮರಿ ಬೇಕು. ಅದೇ ಮೀನು 17-18 ಸೆಂಟಿಮೀಟರ್ ಬೆಳೆದರೆ ಸುಮಾರು 50 ಗ್ರಾಂ. ಆ ನೂರರಲ್ಲಿ ಅರ್ಧ ಮರಿಗಳನ್ನು ದೊಡ್ಡ ಮೀನುಗಳು ತಿಂದವು, ರೋಗದಿಂದ ಸತ್ತವು ಎಂದುಕೊಳ್ಳೋಣ. ಉಳಿದ ಐವತ್ತು ಬೆಳೆದರೆ ಎರಡೂವರೆ ಕಿಲೋ ಆಗುತ್ತದೆ. ಬೆಲೆಯೂ ಬೆಳೆದ ಮೀನಿಗೇ ಹೆಚ್ಚು. ಮೇಲಾಗಿ ಹಿಡಿಯುವ ಮುಂಚೆ ಅವು ಒಮ್ಮೆ ಮೊಟ್ಟೆಯಿಟ್ಟಿರುತ್ತವೆ. ಹಾಗಾದರೆ ಇಂದು ಒಂದು ಕಿಲೋ ಮರಿಯನ್ನು ಮಾರಿದವನು ನಾಳಿನ ತನ್ನದೇ ಎರಡೂವರೆ ಕಿಲೋವನ್ನು ಕಳೆದುಕೊಂಡ.

ಗೊತ್ತಿದ್ದೂ ಏಕೆ ಹಿಡಿಯುತ್ತಾರೆ? "ನಾನು ಬಿಟ್ಟರೆ ಪಕ್ಕದ ದೋಣಿಯವನು ಹಿಡಿಯುತ್ತಾನೆ" ಎಂಬ ಭಯ. ಅದಕ್ಕಿಂತ ಮುಖ್ಯವಾಗಿ, ಮರಿಮೀನಿಗೂ ಕೊಳ್ಳುವವರಿದ್ದಾರೆ. ಮನುಷ್ಯರು ತಿನ್ನದ ಮರಿಮೀನು ಹುಡಿಯಾಗಿ, ಎಣ್ಣೆಯಾಗಿ, ಕೋಳಿ ಮತ್ತು ಸಿಗಡಿ ಸಾಕಣೆಯ ಆಹಾರವಾಗುತ್ತದೆ. ಮಂಗಳೂರು, ಉಡುಪಿ ಕಡೆಯ ಮೀನಿನ ಹುಡಿ ಕಾರ್ಖಾನೆಗಳಿಗೆ ಕೇರಳದ ಬಂದರುಗಳಿಂದಲೂ ಲಾರಿಗಳು ಹೋಗುತ್ತವೆ. ಗಿರಾಕಿ ಇರುವವರೆಗೆ ಬಲೆಯ ಕಣ್ಣು ಸಣ್ಣದಾಗುತ್ತಲೇ ಇರುತ್ತದೆ. ಹಿಡಿದವನಿಗೆ ಮಾತ್ರ ದಂಡ ಹಾಕಿ, ಕೊಂಡವನನ್ನು ಕೇಳದೆ ಬಿಡುವುದು ಅರ್ಧ ಕಾನೂನು.

ಈ ನಿಯಮದಿಂದ ಫಲ ಸಿಗುತ್ತದೆ ಎಂಬುದಕ್ಕೆ ಸಾಕ್ಷಿಯೂ ಇದೆ. ಕಿಳಿಮೀನಿಗೆ ಕನಿಷ್ಠ ಗಾತ್ರ ಜಾರಿಯಾದ ಮೇಲೆ ಕೇರಳದಲ್ಲಿ ಅದರ ಇಳುವರಿ ಏರಿತು ಎಂದು ಕೊಚ್ಚಿಯ ಸಂಸ್ಥೆಯ ವಿಜ್ಞಾನಿಗಳೇ ಕಂಡುಕೊಂಡಿದ್ದಾರೆ. ಬಿಟ್ಟವನಿಗೆ ನಷ್ಟವಾಗಲಿಲ್ಲ, ತಡವಾಗಿ ಲಾಭವಾಯಿತು. ಆ ತಡವಾಗುವ ನಡುವಿನ ದಿನಗಳನ್ನು ದಾಟಿಸುವುದು ಹೇಗೆ ಎಂಬುದೇ ನಮ್ಮ ಮುಂದಿರುವ ನಿಜವಾದ ಪ್ರಶ್ನೆ.

ತೀರಾ ತಡಮಾಡಿದರೆ ಏನಾಗುತ್ತದೆ ಎಂಬುದನ್ನು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೋರಿಸಿದೆ. ಅಲ್ಲಿ ಶತಮಾನಗಳಿಂದ ಜನರನ್ನು ಸಾಕಿದ್ದ ಕಾಡ್ ಮೀನನ್ನು ಮಿತಿಯಿಲ್ಲದೆ ಹಿಡಿದು, ಕೊನೆಗೆ 1992ರ ಜುಲೈಯಲ್ಲಿ ಸರ್ಕಾರ ಮೀನುಗಾರಿಕೆಯನ್ನೇ ಮುಚ್ಚಬೇಕಾಯಿತು. ಸುಮಾರು 30,000 ಜನ ಒಮ್ಮೆಲೇ ಕೆಲಸ ಕಳೆದುಕೊಂಡರು. ಎರಡು ತಿಂಗಳ ವಿರಾಮವನ್ನು ಭಾರವೆಂದು ತಳ್ಳಿದರೆ ಮೂವತ್ತು ವರ್ಷಗಳ ವಿರಾಮ ತಾನಾಗಿ ಬರುತ್ತದೆ.

ನಾವು ಏನು ಕೇಳುತ್ತೇವೆ

ಬರೀ ಎರಡೂ ಕಡೆ ಸರಿ ಎಂದು ಹೇಳಿ ಕೈತೊಳೆದುಕೊಳ್ಳುವುದು ಅಭಿಪ್ರಾಯವಲ್ಲ. ಆದ್ದರಿಂದ ನಮಗೆ ನ್ಯಾಯವೆಂದು ಕಂಡದ್ದನ್ನು ನೇರವಾಗಿ ಬರೆಯುತ್ತೇವೆ.

ಮೊದಲನೆಯದು, ಕೇರಳ ಕರ್ನಾಟಕಗಳಿಗೆ ಒಂದೇ ಕ್ಯಾಲೆಂಡರ್ ಇರಲಿ. ಎರಡೂ ಕಡೆ ಅದೇ ದಿನ ನಿಲ್ಲಲಿ, ಅದೇ ದಿನ ಶುರುವಾಗಲಿ. ಒಂಬತ್ತು ದಿನ ಹೆಚ್ಚು ನಿಲ್ಲಿಸುವುದಾದರೆ ಆ ಒಂಬತ್ತು ದಿನಕ್ಕೂ ಪರಿಹಾರ ಕೊಡಲಿ.

ಎರಡನೆಯದು, ವಿನಾಯಿತಿ ದೋಣಿಯ ಹೆಸರು ನೋಡಿ ಅಲ್ಲ, ಎಂಜಿನ್‌ನ ಶಕ್ತಿ ಮತ್ತು ಬಲೆಯ ಗಾತ್ರ ನೋಡಿ ಸಿಗಲಿ. ನಿಜವಾದ ಸಣ್ಣ ದೋಣಿಯವನು ಮಳೆಗಾಲದಲ್ಲೂ ಅಳಿವೆಯ ಬದಿಯಲ್ಲಿ ಬಲೆ ಬೀಸಲಿ. ಬೃಹತ್ ರಿಂಗ್‌ಸೀನ್ ಟ್ರಾಲರ್‌ನ ಜೊತೆಗೇ ವಿರಮಿಸಲಿ.

ಮೂರನೆಯದು, ನಿಷೇಧದ ದಿನಗಳಿಗೆ ಕನಿಷ್ಠ ಉದ್ಯೋಗ ಖಾತರಿಯ ದಿನಗೂಲಿಯಷ್ಟಾದರೂ ಪರಿಹಾರ ಸಿಗಲಿ. ಅದು ದೋಣಿ ದಡಕ್ಕೆ ಬಂದ ವಾರವೇ ಕೈ ಸೇರಲಿ. ಓಣಂ ಕಳೆದ ಮೇಲೆ ಬರುವ ದುಡ್ಡು ಸಾಲಗಾರನ ಮನೆಗೆ ಹೋಗುತ್ತದೆಯೇ ಹೊರತು ಮಕ್ಕಳ ಪುಸ್ತಕಕ್ಕಲ್ಲ. ಮೀನು ಮಾರುವ ಹೆಂಗಸರು, ಹೊರರಾಜ್ಯದ ದುಡಿಮೆಗಾರರು ಈ ಪಟ್ಟಿಯಲ್ಲಿ ಸೇರಲಿ.

ನಾಲ್ಕನೆಯದು, ಮರಿಮೀನಿನ ಕಾನೂನು ಕೊಳ್ಳುವವನ ಬಾಗಿಲಿಗೂ ಹೋಗಲಿ. ಹರಾಜಿನ ಕಟ್ಟೆಯಲ್ಲಿ, ಲಾರಿಯಲ್ಲಿ, ಹುಡಿ ಕಾರ್ಖಾನೆಯ ಗೇಟಿನಲ್ಲಿ ತಪಾಸಣೆ ನಡೆಯಲಿ.

ಇದಕ್ಕೆಲ್ಲ ಹಣ ಎಲ್ಲಿಂದ ಎಂದು ಕೇಳುವವರಿಗೆ ಒಂದು ಮಾತು. ಭತ್ತಕ್ಕೆ ಬೆಂಬಲ ಬೆಲೆ ಇದೆ, ರಬ್ಬರಿಗೆ ಬೆಲೆ ಕುಸಿದಾಗ ನೆರವು ಇದೆ, ಅಡಿಕೆಗೆ ರೋಗ ಬಂದಾಗ ಪರಿಹಾರ ಕೇಳುವ ಹಕ್ಕು ನಮಗಿದೆ. ಕಡಲಿನ ರೈತನಿಗೆ ಮಾತ್ರ ದುಡ್ಡಿಲ್ಲ ಎನ್ನುವುದು ಯಾವ ನ್ಯಾಯ?

ವಿಶ್ವಾಸದ ಕಣ್ಣಲ್ಲಿ

ಯೇಸುಸ್ವಾಮಿ ಮೊದಲು ಕರೆದ ಶಿಷ್ಯರು ಮೀನುಗಾರರು ಎಂದು ಪ್ರವಚನಗಳಲ್ಲಿ ನಾವು ಎಷ್ಟೋ ಸಲ ಕೇಳಿದ್ದೇವೆ. ರಾತ್ರಿಯಿಡೀ ಬಲೆ ಬೀಸಿ ಬರಿಗೈಯಲ್ಲಿ ಮರಳಿದ ಪೇತ್ರನ ಆಯಾಸ ಮಂಜೇಶ್ವರದ ದೋಣಿಯವನಿಗೆ ಯಾರೂ ವಿವರಿಸಬೇಕಾಗಿಲ್ಲ. ಪುನರುತ್ಥಾನದ ನಂತರ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಅವರಿಗಾಗಿ ಕಾದ ಪ್ರಭು, ದಣಿದವರ ಹಸಿವನ್ನು ಮೊದಲು ಗಮನಿಸಿದರು.

ಹಾಗೆಯೇ ಹಳೆಯ ಒಡಂಬಡಿಕೆಯ ಯಾಜಕಕಾಂಡದಲ್ಲಿ ಭೂಮಿಗೂ ಏಳನೆಯ ವರ್ಷ ವಿಶ್ರಾಂತಿ ಕೊಡಬೇಕೆಂಬ ನಿಯಮವಿದೆ. ಅದೇ ಅಧ್ಯಾಯದಲ್ಲಿ, ಆ ವರ್ಷ ನಾವು ಏನು ತಿನ್ನೋಣ ಎಂಬ ಜನರ ಪ್ರಶ್ನೆಗೂ ದೇವರು ಉತ್ತರ ಕೊಡುತ್ತಾರೆ. ವಿಶ್ರಾಂತಿಯ ಆಜ್ಞೆಯ ಜೊತೆಗೇ ಊಟದ ಭರವಸೆಯೂ ಇದೆ. ನಮ್ಮ ಇಂದಿನ ಕಾನೂನುಗಳಲ್ಲಿ ಮೊದಲನೆಯದು ಇದೆ, ಎರಡನೆಯದು ತೀರಾ ತೆಳ್ಳಗಿದೆ. 2015ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಬರೆದ 'ಲೌದಾತೊ ಸಿ' ಪರಿಪತ್ರದಲ್ಲಿ ಮಿತಿಯಿಲ್ಲದ ಮೀನುಗಾರಿಕೆಯಿಂದ ಕಡಲಿನ ಜೀವಿಗಳು ಬರಿದಾಗುತ್ತಿರುವುದರ ಬಗ್ಗೆ ನೋವಿದೆ. ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಬೇರೆ ಬೇರೆಯಾಗಿ ಕೇಳಬಾರದು ಎಂಬುದು ಆ ಇಡೀ ಪರಿಪತ್ರದ ತಿರುಳು. ನಾವು ಇಷ್ಟು ಹೊತ್ತು ಹೇಳಿದ್ದೂ ಅದನ್ನೇ.

ಮನೆಯಿಂದಲೇ ಶುರುಮಾಡೋಣ

ಸರ್ಕಾರ ಮಾಡುವುದನ್ನು ಸರ್ಕಾರ ಮಾಡಲಿ. ನಮ್ಮ ಕೈಯಲ್ಲೂ ಕೆಲವು ಕೆಲಸಗಳಿವೆ.

ಮಕ್ಕಳ ಜಾಮೆಟ್ರಿ ಬಾಕ್ಸಿನಲ್ಲಿ 15 ಸೆಂಟಿಮೀಟರ್‌ನ ಸ್ಕೇಲ್ ಇರುತ್ತದೆ. ಒಂದು ಸಲ ಮನೆಗೆ ತಂದ ಮೀನನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಸ್ಕೇಲಿನಷ್ಟು ಉದ್ದದ ಬೂತಾಯಿ ಎಂದರೆ ಬೆಳೆದ ಮೀನು, ಧಾರಾಳ ತಿನ್ನಿ. 10 ಮುಟ್ಟದಿದ್ದರೆ ಅದು ಮಾರಾಟಕ್ಕೆ ಬರಬಾರದಾಗಿದ್ದ ಮರಿ. ಬಂಗುಡೆಯಾದರೆ 14ನ್ನು ದಾಟಿರಲಿ. ಒಮ್ಮೆ ಕಣ್ಣಿಗೆ ಅಳತೆ ಕುಳಿತರೆ ಆಮೇಲೆ ಸ್ಕೇಲ್ ಬೇಕಾಗಿಲ್ಲ. ಮರಿಮೀನು ಕಂಡರೆ ಜಗಳವಾಡದೆ, "ಸಣ್ಣದು ಬೇಡ ಅಕ್ಕ, ದೊಡ್ಡದು ಬಂದಾಗ ತನ್ನಿ" ಎಂದರೆ ಸಾಕು. ನಾಲ್ಕು ಮನೆಯವರು ಹೀಗೆ ಹೇಳಿದರೆ ಮಾತು ಬಂದರು ಮುಟ್ಟುತ್ತದೆ.

ಮಳೆಗಾಲದಲ್ಲಿ ಮೀನು ಸಿಗುವುದಿಲ್ಲ ಎಂದು ಗೊಣಗುವುದನ್ನು ಕಡಿಮೆ ಮಾಡೋಣ. ನಮ್ಮ ಅಜ್ಜಿಯಂದಿರು ಒಣಮೀನಿನ ಚಟ್ನಿ, ಹಲಸಿನ ಬೀಜ, ಕೆಸುವಿನ ಪತ್ರೊಡೆ, ಕಣಿಲೆಗಳಲ್ಲಿ ಜೂನ್ ಜುಲೈಯನ್ನು ಸೊಗಸಾಗಿ ದಾಟಿಸಿದವರು. ಆ ಅಡುಗೆಯಲ್ಲಿ ಕಡಲಿನ ಕ್ಯಾಲೆಂಡರ್ ಅಡಗಿತ್ತು. ಚಳಿಗಾಲದಲ್ಲಿ ಒಣಮೀನನ್ನು ದಡದ ಹೆಂಗಸರಿಂದಲೇ ನೇರವಾಗಿ ಕೊಂಡು ಇಟ್ಟರೆ ಅವರಿಗೂ ನಾಲ್ಕು ಕಾಸು, ನಮಗೂ ಮಳೆಗಾಲಕ್ಕೆ ಸಾರು.

ಮದುವೆ, ಹಬ್ಬ, ಧರ್ಮಕೇಂದ್ರದ ವಾರ್ಷಿಕೋತ್ಸವಗಳ ಊಟದ ಪಟ್ಟಿ ಮಾಡುವಾಗ ನಿಷೇಧದ ತಿಂಗಳಲ್ಲಿ ಅಂಜಲ್ ಇಲ್ಲದಿದ್ದರೆ ಮರ್ಯಾದೆ ಹೋಗುತ್ತದೆ ಎಂಬ ಯೋಚನೆಯನ್ನು ಬಿಡೋಣ. ಯುವಕ ಸಂಘಗಳು ಜೂನ್ ತಿಂಗಳಲ್ಲಿ ಪುಸ್ತಕ, ಕೊಡೆ ಹಂಚುವಾಗ ಕಡಲತೀರದ ಶಾಲೆಗಳನ್ನು ನೆನಪಿಡಲಿ. ಜಾತಿ, ಮತ ನೋಡುವ ಕೆಲಸ ಇದಲ್ಲ. ಪರಿಹಾರದ ಅರ್ಜಿ ತುಂಬಿಸಲು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಸರಿಪಡಿಸಲು ಗೊತ್ತಿಲ್ಲದ ಹಿರಿಯರು ಅಲ್ಲಿ ಎಷ್ಟೋ ಮಂದಿ ಇದ್ದಾರೆ. ಮಲಯಾಳದ ಅರ್ಜಿ ಓದಲಾಗದ ಕನ್ನಡ, ತುಳು ಮನೆಗಳು ನಮ್ಮ ತೀರದಲ್ಲೇ ಇವೆ. ಎರಡೂ ಭಾಷೆ ಬಲ್ಲ ನಮ್ಮ ಹುಡುಗ ಹುಡುಗಿಯರು ಒಂದು ಭಾನುವಾರ ಮಧ್ಯಾಹ್ನ ಅಲ್ಲಿ ಮೇಜು ಹಾಕಿ ಕುಳಿತರೆ ಅದಕ್ಕಿಂತ ದೊಡ್ಡ ಸೇವೆ ಬೇಕಿಲ್ಲ.

ಕಡಲು ನಮ್ಮದಲ್ಲ, ನಮ್ಮ ಮುಂದಿನವರದೂ ಹೌದು, ಇಂದು ಅದನ್ನೇ ನಂಬಿ ಬದುಕುವವರದೂ ಹೌದು. ಮೀನಿಗೆ ಎರಡು ತಿಂಗಳು ಬಿಡುವು ಕೊಡೋಣ. ಆ ಎರಡು ತಿಂಗಳು ಮೀನುಗಾರನ ಮನೆಯ ಅಕ್ಕಿ ಡಬ್ಬಿ ಖಾಲಿಯಾಗದಂತೆ ನೋಡುವ ಹೊಣೆಯನ್ನೂ ಹೊರೋಣ. ಮುಂದಿನ ಯುವಜನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡುತ್ತಿದ್ದೇವೆ. ಒಪ್ಪುವವರೂ ಬನ್ನಿ, ಒಪ್ಪದವರು ತಪ್ಪದೆ ಬನ್ನಿ.